ನನ್ನ ತಂಬೂರಿ ದುಬಾರಿ, ಮೈದುನನ ಹೋರಿ ಅಲ್ಲ. ಇದ್ಯಾವ ಲೆಕ್ಕ?

ತಂಬೂರಿ ಅಕ್ಕ (ಹುಬ್ಬಳ್ಳಿ)

ನಮಸ್ಕಾರ. ಬೈಯುವವರು ಬೈಯಿರಿ, ಆದರೆ ನೇರವಾಗಿ ಹೇಳಿ.

ನನಗೆ 43 ವರ್ಷ. ಕೈಗೆ ಬರುವ ಸಂಬಳ 41 ಸಾವಿರ. ಆರು ವರ್ಷದಿಂದ ವಾರಕ್ಕೆರಡು ಸಂಜೆ ಆಫೀಸು ಬಿಟ್ಟು ಹಂಗೇ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋಗಿ ಹಿಂದೂಸ್ತಾನಿ ಹಾಡುಗಾರಿಕೆ ಕಲಿಯುತ್ತಿದ್ದೇನೆ. ಇಷ್ಟು ದಿನ ಮೊಬೈಲಿನಲ್ಲಿ ತಂಬೂರಿ ಹಚ್ಚಿಟ್ಟು ರಿಯಾಜ್ ಮಾಡಿದೆ. ಈಗ ನಮ್ಮ ಗುರುಗಳು "ಇನ್ನ ಖರೇ ತಂಬೂರಿ ತಗೋರಿ, ಶ್ರುತಿ ಮಾಡೂದು ಕಲೀರಿ" ಎಂದಿದ್ದಾರೆ. ತಂಬೂರಿ ತಯಾರಿಸುವ ಮಿರಜಿನಲ್ಲಿ ವಿಚಾರಿಸಿದೆ. ಹೆಂಗಸರು ನುಡಿಸುವ ಅಳತೆಯದಕ್ಕೆ 38 ಸಾವಿರ ಅಂದರು. ಪೆಟ್ಟಿಗೆ ಬೇರೆ.

ಮನೆಯಲ್ಲಿ ಈ ಮಾತು ತೆಗೆದದ್ದೇ ತಪ್ಪಾಯಿತು. ಅತ್ತೆ "ಈ ವಯಸ್ಸಿನಾಗ ಯಾವ ಕಚೇರಿಗೆ ಹಾಡಾಕ ಹೊಂಟೀ?" ಎಂದರು. ಯಜಮಾನರು "ಮೊಬೈಲಿನಾಗ ಫುಕಟ್ ಬರೂದಕ್ಕ 38 ಸಾವಿರ ಯಾಕ?" ಎಂದು ಕೇಳಿ ಟಿವಿ ಕಡೆ ತಿರುಗಿದರು. ಮಗಳ ಪಿಯುಸಿ ಫೀ ಇದೆ, ಮನೆ ಸಾಲದ ಕಂತು ಇದೆ, ಎಲ್ಲ ನನಗೂ ಗೊತ್ತು. ಕಂತಿನಲ್ಲಿ ಅರ್ಧ ನಾನೇ ಕಟ್ಟುತ್ತೇನೆ.

ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಹಾವೇರಿ ಕಡೆ ಹಳ್ಳಿಯಲ್ಲಿರುವ ನನ್ನ ಮೈದುನ ಹೋದ ವರ್ಷ ಮೆಣಸಿನಕಾಯಿ ಮಾರಿದ ರೊಕ್ಕದಲ್ಲಿ 2 ಲಕ್ಷ 40 ಸಾವಿರ ಕೊಟ್ಟು ಕೊಬ್ಬರಿ ಹೋರಿ ತಂದ. ಉಳುಮೆಗಲ್ಲ, ಗಾಡಿಗಲ್ಲ. ದೀಪಾವಳಿ ಆದಮೇಲೆ ಓಡಿಸಲಿಕ್ಕೆ. ಅದಕ್ಕೆ ದಿನಾ ಹುರುಳಿ, ಹತ್ತಿಕಾಳು, ಹಿಂಡಿ, ಹಾಲು, ಮೊಟ್ಟೆ. ನಮ್ಮ ಮಕ್ಕಳಿಗೆ ದಿನಾ ಮೊಟ್ಟೆ ಇಲ್ಲ. ಅದು ಮನೆಗೆ ಬಂದ ದಿನ ಇದೇ ಅತ್ತೆ ಹುಬ್ಬಳ್ಳಿಯಿಂದ ಹೋಗಿ ಆರತಿ ಮಾಡಿ ಬಂದರು. ಅದನ್ನು ಯಾರೂ ದುಬಾರಿ ಅನ್ನಲಿಲ್ಲ, ಹುಚ್ಚು ಅಂತಲೂ ಅನ್ನಲಿಲ್ಲ.

ತಗೊಳ್ಳಲೋ ಬೇಡವೋ? ನಿಮ್ಮ ಮನೆಗಳಲ್ಲಿ ಇದು ಹೇಗೆ ನಡೆಯುತ್ತದೆ?

ದುರ್ಗದಬೈಲ್ ಮಿರ್ಚಿ

ತಗೊಳ್ಳಿ ಅಕ್ಕಾರ. ಮುಂದಿನ ಪ್ರಶ್ನೆ?

ಲೆಕ್ಕದ ಮಾಸ್ತರ

ಅಕ್ಕಾರ, ಮೊದಲು ಒಂದು ಮಾತು ಹೇಳಿ. ನಾಳೆ ಸಂಬಳ ನಿಂತರೆ ಆರು ತಿಂಗಳು ಮನೆ ನಡೆಯುವಷ್ಟು ಬ್ಯಾಂಕಿನಲ್ಲಿ ಇದೆಯಾ? ಇದ್ದರೆ ಮುಂದೆ ಓದಿ. ಇಲ್ಲದಿದ್ದರೆ ತಂಬೂರಿ ಒಂದು ವರ್ಷ ಕಾಯಲಿ.

ಇದೆ ಅಂತಲೇ ಇಟ್ಟುಕೊಳ್ಳೋಣ. ವಾರಕ್ಕೆರಡು ಸಲದಂತೆ ಆರು ವರ್ಷ ಅಂದರೆ ನೀವು 600 ಸಲ ಬಸ್ ಹತ್ತಿದ್ದೀರಿ. ರಜೆ, ಹಬ್ಬ ಬಿಟ್ಟರೂ 500ಕ್ಕೆ ಕಮ್ಮಿ ಇಲ್ಲ. ಇದು ನಿನ್ನೆ ಹುಟ್ಟಿದ ಶೋಕಿ ಅಲ್ಲ. ಬಹಳ ಮಂದಿ ಉಲ್ಟಾ ಮಾಡುತ್ತಾರೆ, ಮೊದಲು ವಸ್ತು ತಂದು ಆಮೇಲೆ ಹವ್ಯಾಸ ಶುರು ಮಾಡುತ್ತಾರೆ. ನೀವು ಕಲಿತು ಆಮೇಲೆ ವಸ್ತು ಕೇಳುತ್ತಿದ್ದೀರಿ. 38 ಸಾವಿರವನ್ನು ಹತ್ತು ವರ್ಷಕ್ಕೆ ಹಂಚಿ, ದಿನಕ್ಕೆ ಹತ್ತೂವರೆ ರೂಪಾಯಿ ಬೀಳುತ್ತದೆ. ಒಂದು ಕಪ್ ಚಹಾ.

ಉಣಕಲ್ ಕೊಕ್ಕರೆ

ಮಾಸ್ತರ, ಈ ದಿನಕ್ಕಿಷ್ಟು ಅನ್ನುವ ಲೆಕ್ಕದಿಂದಲೇ ನಾನು ಹಾಳಾದೆ. ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗ ಆದೀತು.

ನನಗೆ ಹಕ್ಕಿ ಫೋಟೋ ಹುಚ್ಚು. 2021ರಲ್ಲಿ 1 ಲಕ್ಷ 12 ಸಾವಿರದ ಒಂದು ಉದ್ದ ಲೆನ್ಸ್ ತಗೊಂಡೆ. ಹನ್ನೆರಡು ಕಂತು. "ವಾರಕ್ಕೊಮ್ಮೆ ಹೋದರೆ ಐದು ವರ್ಷಕ್ಕೆ 260 ಸಲ, ಸಲಕ್ಕೆ 430 ರೂಪಾಯಿ, ಸಿನಿಮಾಕ್ಕಿಂತ ಸೋವಿ" ಅಂತ ಹೆಂಡತಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಆ ಕಾಗದ ಆಕೆ ಇನ್ನೂ ಇಟ್ಟುಕೊಂಡಿದ್ದಾಳೆ. ಮೊದಲ ವರ್ಷ ಹೋದದ್ದು ಒಂಬತ್ತು ಸಲ. ಎರಡನೇ ವರ್ಷ ಎರಡು ಸಲ. ಆಮೇಲೆ ಮಗ ಹುಟ್ಟಿದ. ಲೆನ್ಸ್ ಅದರ ಚೀಲದಲ್ಲೇ ಕಪಾಟಿನ ಮೇಲಿನ ಅರೆಯಲ್ಲಿ ಎರಡು ಮಳೆಗಾಲ ಕಳೆಯಿತು. ತೆಗೆದು ನೋಡಿದರೆ ಒಳಗಿನ ಗಾಜಿಗೆ ಜೇಡರ ಬಲೆ ಹಬ್ಬಿದ ಹಾಗೆ ಬೂಸ್ಟು. ಹಕ್ಕಿ ಲೆನ್ಸಿನಲ್ಲಿ ನಾನು ಬೂಸ್ಟು ಸಾಕಿದ್ದೆ. 30 ಸಾವಿರಕ್ಕೆ ಕೊಟ್ಟುಬಿಟ್ಟೆ.

ಆದರೂ ಒಂದು ಮಾತು. ಮಾಗಡಿ ಕೆರೆಗೆ ಒಂದು ಜನವರಿ ಬೆಳಗ್ಗೆ ಹೋಗಿದ್ದೆ. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಸುತ್ತಲಿನ ಹೊಲದಲ್ಲಿ ಮೇಯುತ್ತವೆ, ಬಿಸಿಲೇರಿದ ಹಾಗೆ ಹಿಂಡು ಹಿಂಡಾಗಿ ಕೆರೆಗೆ ಇಳಿಯುತ್ತವೆ. ಅವು ಒಮ್ಮೆಲೇ ತಲೆ ಮೇಲೆ ಬಂದಾಗ ನಾನು ಕ್ಯಾಮೆರಾ ಎತ್ತಲೇ ಇಲ್ಲ. ಬಾಯಿ ತೆರೆದು ನಿಂತಿದ್ದೆ. ಆ ಲೆನ್ಸ್ ತಗೊಂಡಿರದಿದ್ದರೆ ಬೆಳಗ್ಗೆ ನಾಲ್ಕಕ್ಕೆ ಎದ್ದು ಲಕ್ಷ್ಮೇಶ್ವರದ ಆ ಕಡೆ ಹೋಗುತ್ತಲೇ ಇರಲಿಲ್ಲ. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು ಮಾಸ್ತರ?

ಗದಗ ಗಿರ್ಮಿಟ್

ನಮ್ಮ ಮಾಗಡಿ ಕೆರೆ ಹೆಸರು ಬಂದ ಮೇಲೆ ಸುಮ್ನೆ ಇರಲಿಕ್ಕಾಗದು. 2024ರಲ್ಲಿ ಅದು ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಕೆರೆ-ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಬೆಂಗಳೂರಿನವರು ಬಂದು ತಮ್ಮೂರ ಹತ್ತಿರದ ಮಾಗಡಿ ಅಂದುಕೊಳ್ಳುತ್ತಾರೆ. ಅಲ್ಲ. ಗದಗ ಜಿಲ್ಲೆ, ಶಿರಹಟ್ಟಿ ತಾಲೂಕು.

ಲೆನ್ಸ್ ಯಾಕೆ ಬೇಕು, ಬೈನಾಕ್ಯುಲರ್ ಸಾಕು.

ಲೆಕ್ಕದ ಮಾಸ್ತರ

ಕೊಕ್ಕರೆ ತಮ್ಮಾ, ಕಂತು ಅಂದೆಯಲ್ಲ, "ನೋ ಕಾಸ್ಟ್" ಇಎಂಐ ತಾನೇ? ಅದರ ಒಳಗುಟ್ಟು ಇಷ್ಟು. ಬ್ಯಾಂಕು ಬಡ್ಡಿ ಬಿಡುವುದಿಲ್ಲ. ಬಡ್ಡಿಯಷ್ಟು ಮೊತ್ತವನ್ನು ಅಂಗಡಿಯವನೋ ಕಂಪನಿಯವನೋ ಬೆಲೆಯಲ್ಲಿ ಮೊದಲೇ ಇಳಿಸಿ ತೋರಿಸುತ್ತಾನೆ, ಬ್ಯಾಂಕು ಅದನ್ನು ಬಡ್ಡಿ ಅಂತ ವಸೂಲಿ ಮಾಡುತ್ತದೆ. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ನಿನ್ನ ತಲೆಗೆ. ಪ್ರೊಸೆಸಿಂಗ್ ಶುಲ್ಕವೂ ನಿನ್ನ ತಲೆಗೆ. ರೊಕ್ಕ ಎಣಿಸಿ ಕೊಟ್ಟಿದ್ದರೆ ಸಿಗಬಹುದಾಗಿದ್ದ ರಿಯಾಯಿತಿಯೂ ಹೋಯಿತು. ಒಂದು ಕಂತು ತಪ್ಪಿದರೆ ಕಾರ್ಡಿನ ಬಡ್ಡಿ ಶುರು, ಅದು ತಿಂಗಳಿಗೆ ಮೂರೂವರೆ ಪರ್ಸೆಂಟಿನ ಆಸುಪಾಸು ಇರುತ್ತದೆ. ಹವ್ಯಾಸದ ವಸ್ತುವನ್ನು ಸಾಲದಲ್ಲಿ ತಗೊಳ್ಳಬಾರದು ಅಂತ ನಾನು ಮಗನಿಗೆ ಹೇಳಿದ್ದು ಇದಕ್ಕೇ. ಅವನು ಕೇಳಲಿಲ್ಲ, ಅದು ಬೇರೆ ಕಥೆ.

ಕೊಬ್ಬರಿ ಹೋರಿ ಅಭಿಮಾನಿ

ಇಲ್ಲಿ ಹೋರಿಯನ್ನು ಯಾಕೆ ಎಳೆಯುತ್ತೀರಿ ಅಕ್ಕಾ? ನಾನು ಹಾನಗಲ್ ಕಡೆಯವನು. ಹೋರಿ ಕಟ್ಟುವುದು ಶೋಕಿ ಅಲ್ಲ. ನಮ್ಮಜ್ಜ ಕಟ್ಟಿದ್ದ, ಅಪ್ಪ ಕಟ್ಟಿದ್ದ, ಈಗ ನಾನು. ಕೊರಳಿಗೆ ಕೊಬ್ಬರಿ ಸರ, ಕೋಡಿಗೆ ಬಲೂನು, ಮೈಮೇಲೆ ಜೂಲಾ ಹಾಕಿ ಬಿಟ್ಟರೆ ಸಾವಿರಾರು ಮಂದಿ ನಡುವೆ ನುಗ್ಗಿಕೊಂಡು ಹೋಗುತ್ತದೆ. ಕೊಬ್ಬರಿ ಕೀಳಲು ಬಂದವರ ಕೈಗೆ ಸಿಗದೆ ಪಾರಾದರೆ ಆ ಹೋರಿಯ ಹೆಸರು ಹತ್ತು ಊರಿಗೆ. ಬೈಕ್ ಗೆಲ್ಲುತ್ತಾರೆ, ಬಂಗಾರ ಗೆಲ್ಲುತ್ತಾರೆ, ತಿಜೋರಿ ಗೆಲ್ಲುತ್ತಾರೆ. ಹೆಸರು ಮಾಡಿದ ಹೋರಿಗೆ ಕೊಂಡದ್ದಕ್ಕಿಂತ ಜಾಸ್ತಿ ಬೆಲೆ ಬರುತ್ತದೆ. ನಿಮ್ಮ ತಂಬೂರಿ ಹತ್ತು ವರ್ಷ ಬಾರಿಸಿದ ಮೇಲೆ ಎಷ್ಟಕ್ಕೆ ಹೋಗುತ್ತದೆ?

ತಂಬೂರಿ ಅಕ್ಕ (ಹುಬ್ಬಳ್ಳಿ)

ತಮ್ಮಾ, ಹೋರಿ ಕಟ್ಟಬೇಡ ಅಂತ ನಾನೆಲ್ಲಿ ಅಂದೆ? ನನಗೂ ಅದು ಇಷ್ಟ. ಮೈದುನನ ಹೋರಿ ಹೆಸರು ಕರೆದರೆ ನನ್ನ ಕಡೆ ತಿರುಗಿ ನೋಡುತ್ತದೆ.

ಸಪ್ತಾಪುರ ಶಾಂತಾ

ಮಾರಿದರೆ ಬೆಲೆ ಬರುತ್ತದಂತೆ. ಯಾರು ಮಾರಿದ್ದಾರೆ ಹೇಳಪ್ಪಾ. ಕಣ್ಣೀರು ಹಾಕಿಕೊಂಡು ಮನೆಯಲ್ಲೇ ಇಟ್ಟುಕೊಂಡು ಮುದಿಯಾಗುವವರೆಗೂ ಸಾಕುತ್ತೀರಿ. ಅದು ಒಳ್ಳೆಯದೇ. ಆದರೆ ಅದನ್ನು ಬಂಡವಾಳ ಅನ್ನಬೇಡ. ಪ್ರತಿ ದೀಪಾವಳಿಗೂ ಯಾರದೋ ಮಗ ಹೋರಿಯಿಂದ ತಿವಿಸಿಕೊಂಡು ಆಸ್ಪತ್ರೆ ಸೇರುತ್ತಾನಲ್ಲ, ಆ ಖರ್ಚು ಯಾರ ಲೆಕ್ಕಕ್ಕೆ?

ಅಕ್ಕಾರ, ನಿಮ್ಮ ಪ್ರಶ್ನೆಗೆ ಯಾರೂ ಉತ್ತರ ಕೊಡುತ್ತಿಲ್ಲ. ಎಲ್ಲರೂ ರೂಪಾಯಿ ಎಣಿಸುತ್ತಿದ್ದಾರೆ. ಹೋರಿ ಗೆದ್ದರೆ "ಇಂಥಾ ಮನೆತನದ ಹೋರಿ" ಅಂತ ಮೈಕಿನಲ್ಲಿ ಕೂಗುತ್ತಾರೆ. ನೀವು ಹಾಡಿದರೆ ನಿಮ್ಮ ಹೆಸರು ಅಷ್ಟೇ. ಮನೆತನಕ್ಕೆ ಹೆಸರು ತರುವ ಖರ್ಚಿಗೆ ಆರತಿ, ಸೊಸೆಗೆ ಖುಷಿ ತರುವ ಖರ್ಚಿಗೆ ಪಂಚಾಯ್ತಿ. ನಾನು ಹೊಲಿಗೆ ಮಷಿನ್ ಕೇಳಿದಾಗ ಎರಡೇ ದಿನಕ್ಕೆ ಬಂತು, ಯಾಕೆಂದರೆ ಅದರಿಂದ ನಾಲ್ಕು ಕಾಸು ಬರುತ್ತದೆ. ಬಣ್ಣ, ಕ್ಯಾನ್ವಾಸು ಕೇಳಿದಾಗ ಮೂರು ವರ್ಷ ಹಿಡಿಯಿತು.

ಕೊಬ್ಬರಿ ಹೋರಿ ಅಭಿಮಾನಿ

ಸುಪ್ರೀಂ ಕೋರ್ಟೇ 2023ರಲ್ಲಿ ಒಪ್ಪಿದೆ, ನೀವ್ಯಾರು ಬೇಡ ಅನ್ನಲಿಕ್ಕೆ?

ಸಪ್ತಾಪುರ ಶಾಂತಾ

ಪೂರ್ತಿ ಓದು ತಮ್ಮಾ. ಜಲ್ಲಿಕಟ್ಟು, ಕಂಬಳ, ಎತ್ತಿನ ಗಾಡಿ ಓಟಕ್ಕೆ ಆಯಾ ರಾಜ್ಯಗಳು ಮಾಡಿದ ತಿದ್ದುಪಡಿ ಕಾನೂನು ಸರಿ ಅಂದಿದೆ. ಜೊತೆಗೆ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಿ ಅಂತಲೂ ಇದೆ. ಬಾಲ ತಿರುವಿ ಅಂತ ಇಲ್ಲ.

ಕೊಬ್ಬರಿ ಹೋರಿ ಅಭಿಮಾನಿ

ನಾವು ಬಾಲ ತಿರುವುವವರಲ್ಲ ಅಕ್ಕಾ. ನಮ್ಮ ಹೋರಿಗೆ ಸೊಳ್ಳೆ ಪರದೆ ಇದೆ. ನನಗಿಲ್ಲ.

ಎರಡು ಸ್ಟ್ರೋಕ್

ಹೋರಿಗೆ ಹುರುಳಿ, ನನ್ನ ಆರ್‌ಎಕ್ಸ್ 100ಕ್ಕೆ ಆಯಿಲ್. 1985ರಿಂದ 96ರವರೆಗೆ ಮಾತ್ರ ತಯಾರಾದ ಗಾಡಿ, ಈಗ ಚೆನ್ನಾಗಿರುವುದು ಬೇಕಂದರೆ ಲಕ್ಷ ಬಿಚ್ಚಬೇಕು. ನನ್ನದು 1 ಲಕ್ಷ 15 ಸಾವಿರ, ಮೇಲೆ ರಿಪೇರಿಗೆ 60. ಹೊಸ ಬೈಕು ಬರುತ್ತಿತ್ತಲ್ಲ ಅಂತ ಅಪ್ಪ ದಿನಾ ಕೇಳುತ್ತಾರೆ. ಆದರೆ ಯಾರೂ ಇಲ್ಲದಾಗ ತಾವೇ ಕಿಕ್ ಹೊಡೆದು ನವಲೂರವರೆಗೆ ಹೋಗಿ ಪೇರಲ ಹಣ್ಣು ತರುತ್ತಾರೆ. ಪೆಟ್ರೋಲ್ ಮುಳ್ಳು ನೋಡಿ ಗೊತ್ತಾಯಿತು ಅನ್ನೋಣವೆಂದರೆ ಅದರಲ್ಲಿ ಮುಳ್ಳೇ ಇಲ್ಲ. ಪೇರಲ ನೋಡಿ ಗೊತ್ತಾಯಿತು.

ಹೆಸರು ಬೇಡ

ನಾನು ಬೈಯಲಿಕ್ಕೆ ಬಂದಿದ್ದೇನೆ. ಮಗಳ ಪಿಯುಸಿ ಅಂತ ನೀವೇ ಬರೆದಿದ್ದೀರಿ. ಎರಡು ವರ್ಷದಲ್ಲಿ ಕಾಲೇಜು, ಹಾಸ್ಟೆಲ್ಲು. ನಮ್ಮ ತಾಯಿ ಬದುಕಿಡೀ ಏನೂ ಕೇಳಲಿಲ್ಲ, ಹಂಗೇ ನಮ್ಮನ್ನು ಓದಿಸಿದರು. ಮೊಬೈಲಿನ ತಂಬೂರಿ ಕೆಟ್ಟಿಲ್ಲವಲ್ಲ? ಮಗಳು ಒಂದು ದಡ ಸೇರಲಿ, ಆಮೇಲೆ ಬಾರಿಸಿ.

ಸಪ್ತಾಪುರ ಶಾಂತಾ

ನಿಮ್ಮ ತಾಯಿ ಏನೂ ಕೇಳಲಿಲ್ಲವೋ, ನೀವು ಯಾರೂ ಅವರನ್ನು ಕೇಳಲಿಲ್ಲವೋ?

ಹೆಸರು ಬೇಡ

ಇದು ಸ್ವಲ್ಪ ಜಾಸ್ತಿ ಆಯಿತು.

(ಒಂದು ತಾಸು ಬಿಟ್ಟು ಬರೆಯುತ್ತಿದ್ದೇನೆ. ಅವ್ವನಿಗೆ ಫೋನ್ ಮಾಡಿ ಕೇಳಿದೆ. ಹಾರ್ಮೋನಿಯಂ ಕಲಿಯಬೇಕು ಅಂತಿತ್ತಂತೆ. ನನಗೆ ಗೊತ್ತೇ ಇರಲಿಲ್ಲ. ಫೀ ವಿಷಯದಲ್ಲಿ ನನ್ನ ಮಾತು ಅದೇ, ಬದಲಾಗಿಲ್ಲ.)

ಗದಗ ಗಿರ್ಮಿಟ್

ಭೀಮಸೇನ ಜೋಶಿಯವರು ನಮ್ಮ ಗದಗಿನ ಮನೆ ಬಿಟ್ಟು ಓಡಿಹೋದಾಗ ಹನ್ನೊಂದು ವರ್ಷ. ಟಿಕೆಟ್ಟಿಗೂ ದುಡ್ಡಿರಲಿಲ್ಲ. ಸಂಗೀತಕ್ಕೆ ರೊಕ್ಕ ಬೇಡ, ಹುಚ್ಚು ಬೇಕು. ಆಮೇಲೆ ಧಾರವಾಡಕ್ಕೆ ಬಂದು ಸವಾಯಿ ಗಂಧರ್ವರ ಹತ್ತಿರ ಕಲಿತರು.

ಕುಂದಗೋಳ ಪ್ಯಾಸೆಂಜರ್

ಧಾರವಾಡ ಅಲ್ರೀ, ಕುಂದಗೋಳ! ಎಲ್ಲ ಧಾರವಾಡಕ್ಕೇ ಬರೆದುಕೊಡಿ. ಸವಾಯಿ ಗಂಧರ್ವರು ಇದ್ದದ್ದೂ ಕಲಿಸಿದ್ದೂ ಕುಂದಗೋಳದಲ್ಲಿ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಬರುತ್ತಿದ್ದರು. ಅಕ್ಕಾರ ಚಿಗರಿ ಬಸ್ಸಿನ ಕಥೆ ಓದಿ ಅದೇ ನೆನಪಾಯಿತು, ದಿಕ್ಕು ಬೇರೆ ಅಷ್ಟೇ.

ದುರ್ಗದಬೈಲ್ ಮಿರ್ಚಿ

ಗಿರ್ಮಿಟ್ ಅವರೇ, ಹೆಸರಿಟ್ಟುಕೊಂಡಿದ್ದೀರಲ್ಲ, ಗದಗಿನಲ್ಲಿ ಒಳ್ಳೆ ಗಿರ್ಮಿಟ್ ಎಲ್ಲಿ ಸಿಗುತ್ತದೆ?

ಗದಗ ಗಿರ್ಮಿಟ್

ನಮ್ಮ ಮನೆಯಲ್ಲಿ.

ಸಿತಾರ ಕಾಕಾ (ಧಾರವಾಡ)

ತಂಗೀ, ತಡವಾಗಿ ನೋಡಿದೆ. ನಲವತ್ತು ವರ್ಷದಿಂದ ಸಿತಾರ ಹಿಡಿದು ಕೂತವನು ನಾನು. ಯಜಮಾನರ ಪ್ರಶ್ನೆ ತಪ್ಪಲ್ಲ. ಫುಕಟ್ ಸಿಗುವುದಕ್ಕೆ ಯಾಕೆ ದುಡ್ಡು ಕೊಡಬೇಕು ಅನ್ನುವುದಕ್ಕೆ ಒಂದು ಉತ್ತರ ಬೇಕಲ್ಲ.

ಮೊಬೈಲಿನ ತಂಬೂರಿ ಯಾವತ್ತೂ ಶ್ರುತಿ ತಪ್ಪುವುದಿಲ್ಲ. ಅದೇ ಅದರ ದೋಷ. ನಿಜವಾದದ್ದು ಹತ್ತು ನಿಮಿಷಕ್ಕೊಮ್ಮೆ ಇಳಿಯುತ್ತದೆ, ಮಳೆ ಬಂದರೆ ಬಿರಡೆ ಉಬ್ಬಿ ಹಟ ಮಾಡುತ್ತದೆ, ಬಿಸಿಲಿಗೆ ಜಾರುತ್ತದೆ. ಅದನ್ನು ಸರಿಮಾಡುತ್ತಾ ಕಿವಿ ತಯಾರಾಗುತ್ತದೆ. ಮೊದಲು ಪಂಚಮದ ತಂತಿ, ನಡುವೆ ಷಡ್ಜದ ಎರಡು ಜೋಡಿ ತಂತಿ (ಒಟ್ಟು ಎರಡೇ), ಕೊನೆಗೆ ಖರಜ, ಅಂದರೆ ಕೆಳಗಿನ ಷಡ್ಜ. ರಾಗಕ್ಕೆ ತಕ್ಕಂತೆ ಪಂಚಮವನ್ನು ಮಧ್ಯಮಕ್ಕೋ ನಿಷಾದಕ್ಕೋ ತಿರುಗಿಸಬೇಕು. ನಾಲ್ಕೂ ಸರಿಯಾಗಿ ಕೂತ ದಿನ ಖರಜದ ತಂತಿಯೊಳಗಿಂದ ಗಾಂಧಾರ ತಾನೇ ಕೇಳುತ್ತದೆ. ಆ ಸ್ವರಕ್ಕೆ ಯಾರೂ ತಂತಿ ಕಟ್ಟಿಲ್ಲ. ಯಜಮಾನರನ್ನು ಒಂದು ಸಲ ಗುರುಗಳ ಮನೆಗೆ ಕರೆದುಕೊಂಡು ಹೋಗಿ ಅದನ್ನು ಕೇಳಿಸಿ. ಒಪ್ಪದಿದ್ದರೂ ಸರಿ, ಕೇಳಿಸಿಕೊಂಡಿರಲಿ.

ಇನ್ನು ಕೊಳ್ಳುವ ಮಾತು. ನಿಮ್ಮ ಶ್ರುತಿ ಯಾವುದು, ಕಾಳಿ (ಹಾರ್ಮೋನಿಯಂನ ಕರಿ ಮನೆ) ನಾಲ್ಕೋ ಐದೋ, ಗುರುಗಳಿಂದ ಬರೆಸಿಕೊಂಡು ಹೋಗಿ. ಅದಕ್ಕೆ ತಕ್ಕ ಉದ್ದದ್ದು ಬೇಕು. ಕೆಳಗಿನ ಸೋರೆ ಬುರುಡೆಯನ್ನು ಬೆಳಕಿಗೆ ತಿರುಗಿಸಿ ಕೂದಲೆಳೆ ಬಿರುಕೂ ಇಲ್ಲವೆಂದು ನೋಡಿ, ಬೆರಳಿನಿಂದ ತಟ್ಟಿ ನೋಡಿ. ದಂಡಿ ಬುರುಡೆಗೆ ಸೇರುವ ಜಾಗ ಅಲುಗಬಾರದು. ಮುಖ್ಯವಾಗಿ ಜವಾರಿ ಚೆನ್ನಾಗಿ ತೆಗೆದಿರಬೇಕು, ನಕ್ಕಾಶಿ ಕೆಲಸಕ್ಕೆ ಮರುಳಾಗಬೇಡಿ. ಹೂಬಳ್ಳಿ ಕೆತ್ತಿದ್ದಕ್ಕೆ ಹತ್ತು ಸಾವಿರ ಜಾಸ್ತಿ ಹೇಳುತ್ತಾರೆ, ನಾದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಎರಡು ಸ್ಟ್ರೋಕ್

ಜವಾರಿ ತಂಬೂರಿ ಅಂದರೆ ಜವಾರಿ ಕೋಳಿ ಹಂಗೆನಾ ಕಾಕಾ? ನಮ್ಮ ನಾಡ ತಳಿಯಾ?

ಸಿತಾರ ಕಾಕಾ (ಧಾರವಾಡ)

ತಮ್ಮಾ, ಈ ಜವಾರಿ ಬೇರೆ. ತಂತಿ ಹಾಯುವ ಕುದುರೆಯ ಮೇಲ್ಮೈಯನ್ನು ಸ್ವಲ್ಪವೇ ಇಳಿಜಾರಾಗಿ ಉಜ್ಜಿ, ತಂತಿಯ ಕೆಳಗೆ ಒಂದು ಹತ್ತಿಯ ದಾರ ಇಡುತ್ತಾರೆ. ದಾರ ಸರಿಯಾದ ಜಾಗಕ್ಕೆ ಬಂದರೆ ನಾದ ಜೇನುಹುಳದ ಹಾಗೆ ಬಿಚ್ಚಿಕೊಳ್ಳುತ್ತದೆ. ಉಜ್ಜುವ ಕೆಲಸ ಎಲ್ಲರಿಗೂ ಬರುವುದಿಲ್ಲ. ಮಿರಜಿನ ಸಿತಾರ, ತಂಬೂರಿಗಳಿಗೆ 2024ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಆ ಕೈಗಳಿಗೇ ಸಿಕ್ಕಿತು ಅಂದುಕೋ. ಜವಾರಿ ಕೋಳಿ ತಿಂದು ಬಂದು ಕೇಳಿದರೂ ಅಡ್ಡಿ ಇಲ್ಲ.

ಲೆಕ್ಕದ ಮಾಸ್ತರ

ಕಾಕಾ, ಹಳೆಯದು ಸಿಕ್ಕರೆ ತಗೊಳ್ಳಬಹುದಾ?

ಸಿತಾರ ಕಾಕಾ (ಧಾರವಾಡ)

ಸಿಕ್ಕರೆ ಹೊಸದಕ್ಕಿಂತ ಚೆಂದ. ಚೆನ್ನಾಗಿ ಒಣಗಿದ ಹಳೆ ಕಟ್ಟಿಗೆಯ ದನಿಯೇ ಬೇರೆ. ಧಾರವಾಡದಲ್ಲಿ ಎಷ್ಟೋ ಮನೆಯ ಮೂಲೆಯಲ್ಲಿ ನಿಂತಿವೆ, ಬಾರಿಸುವವರಿಲ್ಲ. ಕೇಳಿದರೆ ಮಾತ್ರ ಕೊಡುವುದಿಲ್ಲ, "ನಮ್ಮಜ್ಜಂದು" ಅನ್ನುತ್ತಾರೆ.

ತಂಬೂರಿ ಅಕ್ಕ (ಹುಬ್ಬಳ್ಳಿ)

ಮೂರು ವಾರ ಆಯಿತು. ಕೇಳಿದವರಿಗೆ ವರದಿ ಒಪ್ಪಿಸಲೇಬೇಕು.

ಯಜಮಾನರು ಗುರುಗಳ ಮನೆಗೆ ಬಂದರು. ಗಾಂಧಾರ ಕೇಳಿಸಿತಾ ಅಂತ ಕೇಳಿದೆ. "ಏನೋ ಗುಂಯ್ ಅಂತು" ಎಂದರು. ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ "ಪೆಟ್ಟಿಗೆ ಎಷ್ಟಂತ?" ಎಂದು ತಾವೇ ಕೇಳಿದರು. ಮಾಸ್ತರ ಹೇಳಿದ ಹಾಗೆ ಸಾಲ ಮಾಡಲಿಲ್ಲ. ಆರು ತಿಂಗಳ ಖರ್ಚು ಪೂರ್ತಿ ಇಲ್ಲ, ನಾಲ್ಕು ತಿಂಗಳದ್ದಿದೆ. ಬೈಯಬೇಡಿ.

ಮಿರಜಿಗೆ ಜೊತೆಯಾಗಿ ಬಂದದ್ದು ಯಾರು ಗೊತ್ತಾ? ಮೈದುನ. ಅವನೇ ಫೋನ್ ಮಾಡಿ "ವೈನಿ, ನಿಮಗ ವ್ಯಾಪಾರ ಬರೂದಿಲ್ಲ, ನಾ ಬರ್ತೇನಿ" ಅಂದ. ಬೆಳಗ್ಗೆ ರಾಣಿ ಚೆನ್ನಮ್ಮ ರೈಲು ಹಿಡಿದು ಹೋದೆವು. ಅಂಗಡಿಯಲ್ಲಿ ಅವನು ಬುರುಡೆಗಳನ್ನು ಒಂದೊಂದಾಗಿ ತಟ್ಟಿ, ಸುತ್ತು ಹಾಕಿ, ಕೂತು, ಎದ್ದು, ಥೇಟ್ ದನದ ಸಂತೆಯಲ್ಲಿ ನೋಡುವ ಹಾಗೆ ನೋಡಿದ. ಹಲ್ಲು ನೋಡುವುದೊಂದು ಬಾಕಿ. ಕೊನೆಗೆ ಹೆಗಲ ಮೇಲಿನ ಟವೆಲ್ ತೆಗೆದು ತಯಾರಿಸಿದವರ ಕೈ ಮೇಲೆ ಹೊದಿಸಿ, ಒಳಗೆ ಬೆರಳು ಹಿಡಿದು ರೇಟು ಕೇಳಲು ಹೋದ! ಆ ಹಿರಿಯರು ಗಾಬರಿಯಾಗಿ ಕೈ ಎಳೆದುಕೊಂಡರು. ಆಮೇಲೆ ಎಲ್ಲರೂ ನಕ್ಕು ನಕ್ಕು 34 ಸಾವಿರಕ್ಕೆ ಬಂದು ನಿಂತಿತು. ಹೂಬಳ್ಳಿ ಇಲ್ಲದ್ದು.

ಅತ್ತೆ ಇನ್ನೂ ಬೆಲೆ ಕೇಳಿಲ್ಲ. ಬಂದವರಿಗೆಲ್ಲ "ಹತ್ತು ಸಾವಿರದ್ದು" ಅಂತ ತಾವೇ ಹೇಳುತ್ತಿದ್ದಾರೆ.

ಈಗ ಇಡುವುದೆಲ್ಲಿ ಅನ್ನುವುದೇ ಚಿಂತೆ. ಮೈದುನನ ಹೋರಿ ಹೋದ ಸಲ ಗೆದ್ದ ತಿಜೋರಿ ಒಂದು ಅಲ್ಲಿ ಸುಮ್ನೆ ನಿಂತಿದೆ, ಅರೆಗಳನ್ನು ಬಿಚ್ಚಿ ಕಳಿಸುತ್ತೇನೆ ಅಂತಿದ್ದಾನೆ. ಆರಡಿ ಎತ್ತರ, ತಂಬೂರಿ ನಾಲ್ಕಡಿ ಹತ್ತಿರ. ಹಿಡಿಯುತ್ತದೆ.

ಕೊಬ್ಬರಿ ಹೋರಿ ಅಭಿಮಾನಿ

ನೋಡಿದ್ರಾ? ಹೋರಿ ಬಂಡವಾಳ ಹೌದೋ ಅಲ್ಲವೋ?

ಸಿತಾರ ಕಾಕಾ (ಧಾರವಾಡ)

ತಿಜೋರಿ ಬೇಡ ತಂಗೀ! ಗಾಳಿ ಆಡುವುದಿಲ್ಲ, ಮಳೆಗಾಲದಲ್ಲಿ ಕಬ್ಬಿಣ ಬೆವರುತ್ತದೆ. ಬುರುಡೆಗೆ ಹುಳ ಬಿದ್ದೀತು. ಬಿಸಿಲು ಬೀಳದ ಮೂಲೆಯಲ್ಲಿ ಗವಸು ಹಾಕಿ ಇಡಿ, ದಿನಾ ಕೈಗೆ ಸಿಗಬೇಕು.

ಉಣಕಲ್ ಕೊಕ್ಕರೆ

ತಿಜೋರಿಯಲ್ಲೇ ಇಡುವುದಾದರೆ ಹೇಳಿ ಅಕ್ಕಾರ. ಬೂಸ್ಟು ಹಿಡಿದ ಮೇಲೆ ತಂದ, ತೇವ ಹೀರುವ ಸಿಲಿಕಾ ಜೆಲ್ ಚೀಲ ಇಪ್ಪತ್ತು ಉಳಿದಿವೆ. ಒಡೆದಿಲ್ಲ.